ಗೀಟು ಎಳೆದ ಸಾಲುಗಳು: ಕೋವಿಡ್ ಐಸಿಯುವಿನ ಒಬ್ಬ ನರ್ಸ್ ಪ್ರಕರಣ

ಇದು ಒಬ್ಬ ನರ್ಸ್ ಪ್ರಕರಣ. ಕಾಲ 2020ರ ಏಪ್ರಿಲ್‌ನಿಂದ ಆ ವರ್ಷದ ಕೊನೆಯವರೆಗೆ. ಆಗ ನಾನು ಕೋವಿಡ್ ಐಸಿಯುವಿನ ಇನ್‌ಚಾರ್ಜ್ ಆಗಿದ್ದೆ. ಅವರನ್ನು ಇಲ್ಲಿ ಸಿಸ್ಟರ್ ಎಂದಷ್ಟೇ ಕರೆಯುತ್ತೇನೆ. ಗುರುತು ಸಿಗುವ ವಿವರ ಯಾವುದನ್ನೂ ಬರೆದಿಲ್ಲ. ಬರೆಯುವ ಮೊದಲು ಅವರನ್ನು ಕೇಳಿದ್ದೇನೆ, ಬರೆದ ಮೇಲೆ ಓದಲು ಕೊಟ್ಟಿದ್ದೇನೆ.

ಹೊರಗಿನವರ ಕಣ್ಣಿಗೆ ಇದರಲ್ಲಿ ದೊಡ್ಡ ಘಟನೆ ಏನೂ ಕಾಣುವುದಿಲ್ಲ. ಸಿಸ್ಟರ್ ಕೈಯಿಂದ ಯಾವ ರೋಗಿಗೂ ತೊಂದರೆ ಆಗಲಿಲ್ಲ. ಅವರಿಗೆ ಸೋಂಕೂ ತಗಲಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವರ ಕಷ್ಟವನ್ನು ನಾನು ಎರಡು ತಿಂಗಳು ತಪ್ಪಾಗಿ ತಿಳಿದುಕೊಂಡಿದ್ದೆ. ನನ್ನ ಹಾಗೆ ಇನ್ನೆಷ್ಟೋ ವಾರ್ಡ್‌ಗಳಲ್ಲಿ ಇದೇ ತಪ್ಪು ಆಗಿರಬಹುದು ಅಂತ ನನಗೆ ಅನ್ನಿಸುತ್ತದೆ.

ಮೊದಲು ಹೇಗಿದ್ದರು

ಸಿಸ್ಟರ್ ಹನ್ನೊಂದು ವರ್ಷ ಆರ್ಥೋ ವಾರ್ಡ್‌ನಲ್ಲಿ ಕೆಲಸ ಮಾಡಿದವರು. ಮೂಳೆ ಮುರಿದವರು, ಬೆನ್ನುಮೂಳೆ ಆಪರೇಷನ್ ಆದವರು, ಹೊಸ ಮಂಡಿ ಹಾಕಿಸಿಕೊಂಡವರು. ಆ ವಾರ್ಡ್‌ನಲ್ಲಿ ರೋಗಿಗಳು ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಜೂನಿಯರ್‌ಗಳಿಗೆ ಏನೇ ಅನುಮಾನ ಬಂದರೂ 'ಅಕ್ಕನ್ನ ಕೇಳೋಣ' ಅನ್ನುತ್ತಿದ್ದರು. ಅಕ್ಕನ ಹತ್ತಿರ ಉತ್ತರ ಇರುತ್ತಿತ್ತು.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಕರೆಯಿತು. ತುರ್ತಲ್ಲದ ಆಪರೇಷನ್‌ಗಳು ನಿಂತವು, ಆರ್ಥೋ ವಾರ್ಡ್ ಖಾಲಿಯಾಯಿತು. ಏಪ್ರಿಲ್ ಕೊನೆಯಲ್ಲಿ ಮೂರು ದಿನದ ನೋಟಿಸ್ ಮೇಲೆ ಸಿಸ್ಟರ್‌ಗೆ ನಮ್ಮಲ್ಲಿ ಡ್ಯೂಟಿ ಹಾಕಿದರು. ಒಂದು ದಿನ ವೆಂಟಿಲೇಟರ್ ತರಬೇತಿ, ಅರ್ಧ ದಿನ ಪಿಪಿಇ, ಅಂದರೆ ಸೋಂಕು ತಗಲದಂತೆ ತೊಡುವ ರಕ್ಷಣಾ ಉಡುಪಿನ ತರಬೇತಿ. ಅಷ್ಟೇ. ಅದಕ್ಕಿಂತ ಜಾಸ್ತಿ ಕೊಡಲು ಆಗ ನಮ್ಮ ಹತ್ತಿರ ಜನವೂ ಇರಲಿಲ್ಲ, ಸಮಯವೂ ಇರಲಿಲ್ಲ.

ಬಂದ ಮೊದಲ ದಿನವೇ ಅವರ ಜೇಬಿನಲ್ಲಿ ಅಂಗೈ ಅಗಲದ ಒಂದು ಪುಸ್ತಕ ಕಂಡೆ. ಹೊಸದಾಗಿ ಕಲಿತದ್ದನ್ನೆಲ್ಲ ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಡ್ಯೂಟಿ ಮುಗಿದ ಮೇಲೆ ಬದಲಾಯಿಸುವ ಕೋಣೆಯಲ್ಲಿ ಕೂತು, ನೆನಪಿನಿಂದ, ಸಣ್ಣ ದುಂಡಗಿನ ಅಕ್ಷರದಲ್ಲಿ. ಒಳ್ಳೆಯ ಅಭ್ಯಾಸ ಅಂದುಕೊಂಡೆ. ಬೇರೆಯವರಿಗೂ ಹಾಗೆ ಮಾಡಲು ಹೇಳಿದೆ.

ಎರಡು ತಿಂಗಳಲ್ಲಿ ಬದಲಾದದ್ದು

ಆ ದಿನಗಳಲ್ಲಿ ಏನೇನು ಬದಲಾಯಿತು ಅಂತ ಈಗ ಕೂತು ಎಣಿಸಿದರೆ ತಲೆ ತಿರುಗುತ್ತದೆ. ಉಸಿರಾಟ ಕಷ್ಟವಾದ ತಕ್ಷಣ ಶ್ವಾಸನಾಳಕ್ಕೆ ವೆಂಟಿಲೇಟರ್ ಟ್ಯೂಬ್ ಹಾಕಿ, ಕಾಯಬೇಡಿ ಎಂಬ ಸಲಹೆ ಮೊದಲು ಬಂತು. ಕೆಲವೇ ವಾರಗಳಲ್ಲಿ, ಆದಷ್ಟು ಹೈ ಫ್ಲೋ ಆಕ್ಸಿಜನ್‌ನಲ್ಲೇ (ಮೂಗಿನ ನಳಿಕೆಯಿಂದ ರಭಸವಾಗಿ ಕೊಡುವ ಆಮ್ಲಜನಕ) ನೋಡಿ, ಎಚ್ಚರ ಇರುವ ರೋಗಿಯನ್ನೂ ಬೋರಲು ಮಲಗಿಸಿ ಎಂದರು. ಜನಸಾಮಾನ್ಯರ ಮಾಸ್ಕ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಜೂನ್ 5ರಂದು ಸಲಹೆ ಬದಲಿಸಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧಿಯ ಮೇಲೆ ಎಷ್ಟು ಭರವಸೆ ಇತ್ತು! ಆಸ್ಪತ್ರೆ ಸೇರಿದ ರೋಗಿಗಳಲ್ಲಿ ಅದರಿಂದ ಪ್ರಯೋಜನ ಇಲ್ಲ ಎಂದು ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪ್ರಯೋಗ ಜೂನ್ ಮೊದಲ ವಾರ ಹೇಳಿತು.

ಅದೇ ಪ್ರಯೋಗ ಜೂನ್ 16ರಂದು ಇನ್ನೊಂದು ಸುದ್ದಿ ಕೊಟ್ಟಿತು. ಡೆಕ್ಸಾಮೆಥಾಸೋನ್. ದಶಕಗಳಿಂದ ಪ್ರತಿ ಆಸ್ಪತ್ರೆಯ ಕಪಾಟಿನಲ್ಲಿರುವ ಅಗ್ಗದ ಸ್ಟೀರಾಯ್ಡ್. ದಿನಕ್ಕೆ 6 ಮಿಲಿಗ್ರಾಂ ಕೊಟ್ಟಾಗ ವೆಂಟಿಲೇಟರ್ ಮೇಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಇದು ದೊಡ್ಡ ಸುದ್ದಿ, ಯಾಕೆಂದರೆ ಅದಕ್ಕೂ ಮೊದಲು ಇದ್ದ ಸಲಹೆ ತೀರಾ ಉಲ್ಟಾ: ಪ್ರಯೋಗದ ಹೊರಗೆ, ಬೇರೆ ಕಾರಣವಿಲ್ಲದೆ, ಸ್ಟೀರಾಯ್ಡ್ ಕೊಡಬೇಡಿ.

ಆ ದಿನ ನಮ್ಮ ಐಸಿಯುವಿನಲ್ಲಿ ಎಲ್ಲರ ಮುಖದಲ್ಲೂ ಒಂದು ಹಗುರ ಇತ್ತು. ಕೊನೆಗೂ ಕೈಯಲ್ಲಿ ಏನೋ ಒಂದು ಸಿಕ್ಕಿತು ಅಂತ. ಸಿಸ್ಟರ್ ಮಾತ್ರ ಸುಮ್ಮನಿದ್ದರು. ನಾನು ಗಮನಿಸಿದೆ, ಆದರೆ ಸುಸ್ತಾಗಿರಬೇಕು ಅಂದುಕೊಂಡೆ.

ಜುಲೈ ಮೊದಲ ವಾರದ ರಾತ್ರಿ

ಪಿಪಿಇ ತೊಡುವುದಕ್ಕಿಂತ ಕಳಚುವಾಗ ಅಪಾಯ ಜಾಸ್ತಿ. ಹೊರಮೈಗೆಲ್ಲ ಸೋಂಕು ಅಂಟಿರುತ್ತದೆ, ನಮಗೆ ಸುಸ್ತಾಗಿರುತ್ತದೆ, ಬೇಗ ಹೊರಗೆ ಹೋಗುವ ಆತುರ ಇರುತ್ತದೆ. ಅದಕ್ಕೇ ಕ್ರಮ ಮುಖ್ಯ. ಒಂದು ಕಳಚು, ಕೈ ಶುಚಿ ಮಾಡು, ಇನ್ನೊಂದು ಕಳಚು. ಎನ್‌95 ಮಾಸ್ಕ್ ಕೊನೆಗೆ. ಈ ಕ್ರಮವನ್ನು ಹೊಸಬರಿಗೆ ಕಲಿಸುತ್ತಿದ್ದವರೇ ನಮ್ಮ ಸಿಸ್ಟರ್. ಅಷ್ಟು ಅಚ್ಚುಕಟ್ಟು.

ಆ ರಾತ್ರಿ ಅವರು ಕಳಚುವ ಕೋಣೆಗೆ ಹೋದವರು ಇಪ್ಪತ್ತು ನಿಮಿಷವಾದರೂ ಹೊರಗೆ ಬರಲಿಲ್ಲ. ಗಾಜಿನಿಂದ ನೋಡಿದೆ. ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಕೈ ಎರಡನ್ನೂ ಮೈಗೆ ತಗಲದ ಹಾಗೆ ಮುಂದೆ ಚಾಚಿ ಹಿಡಿದಿದ್ದರು. ಫೇಸ್ ಶೀಲ್ಡ್ ಒಳಗೆ ಮಂಜು ಕಟ್ಟಿತ್ತು, ಮುಖ ಕಾಣುತ್ತಿರಲಿಲ್ಲ.

"ಏನಾಯ್ತು ಸಿಸ್ಟರ್?"

"ಮೇಡಂ, ಯಾವುದು ಮೊದಲು ಅಂತ ನೆನಪಾಗ್ತಿಲ್ಲ."

ಗೋಡೆಯ ಮೇಲೆ ಚಿತ್ರ ಸಮೇತ ಕ್ರಮ ಅಂಟಿಸಿತ್ತು, ಅವರ ಕಣ್ಣೆದುರಿಗೇ. ನಾನು ಹೊರಗೆ ನಿಂತು ಒಂದೊಂದೇ ಹಂತ ಹೇಳಿದೆ. ಮೊದಲ ದಿನದ ವಿದ್ಯಾರ್ಥಿಯ ಹಾಗೆ ಒಂದೊಂದೇ ಮಾಡಿ ಹೊರಗೆ ಬಂದರು. ಮಾಸ್ಕ್ ತೆಗೆದಾಗ ಮೂಗಿನ ಮೇಲೆ, ಕೆನ್ನೆಯ ಮೇಲೆ ಕೆಂಪು ಗೆರೆ. ಅಳುತ್ತಿರಲಿಲ್ಲ. 'ನನ್ನನ್ನ ಇಲ್ಲಿಂದ ಬೇರೆ ಕಡೆ ಹಾಕಿ' ಅಂದರು, ಅಷ್ಟೇ.

ನನ್ನ ಮೊದಲ ಅಂದಾಜು

ಮಾರನೇ ದಿನ ಟಿಪ್ಪಣಿಯಲ್ಲಿ ನಾನು ಬರೆದದ್ದು 'ಬರ್ನ್‌ಔಟ್, ಸೋಂಕಿನ ಭಯ'. ಹಾಗೆ ಬರೆಯಲು ಕಾರಣವೂ ಇತ್ತು. ಜೂನ್ ಮಧ್ಯದಿಂದ ಅವರು ಶಿಫ್ಟ್‌ಗೆ ನಲವತ್ತು ನಿಮಿಷ ಮೊದಲೇ ಬರುತ್ತಿದ್ದರು. ಹ್ಯಾಂಡೋವರ್ (ಮುಂದಿನ ಶಿಫ್ಟ್‌ನವರಿಗೆ ರೋಗಿಗಳನ್ನು ವಹಿಸಿಕೊಡುವುದು) ಮುಗಿದ ಮೇಲೂ ನಿಂತು ಚಾರ್ಟ್ ನೋಡುತ್ತಿದ್ದರು. ಕೊಟ್ಟ ಔಷಧಿಯನ್ನೇ ಮೂರು ಸಲ ಪರೀಕ್ಷಿಸುತ್ತಿದ್ದರು. ಜೂನಿಯರ್ ಏನಾದರೂ ಕೇಳಿದರೆ, 'ಗೊತ್ತಿಲ್ಲಮ್ಮ, ಇವತ್ತು ಏನು ರೂಲ್ ಇದೆಯೋ ನೋಡ್ಕೋ' ಅನ್ನುತ್ತಿದ್ದರು. ಆರ್ಥೋ ವಾರ್ಡ್‌ನ ಅಕ್ಕ ಹಾಗೆ ಮಾತಾಡುವವರೇ ಅಲ್ಲ.

ನಾಲ್ಕು ದಿನ ರಜೆ ಕೊಟ್ಟೆ. ಕೌನ್ಸೆಲಿಂಗ್ ಫೋನ್ ನಂಬರ್ ಕೊಟ್ಟೆ. ರಜೆ ಮುಗಿಸಿ ಬಂದರು, ಹೋದ ಹಾಗೆಯೇ ಬಂದರು. ನಂಬರ್‌ಗೆ ಫೋನ್ ಮಾಡಿರಲಿಲ್ಲ.

ಇಲ್ಲಿ ನನ್ನ ತಪ್ಪು ಯಾವುದು ಅಂತ ನೇರವಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್‌ಗೆ ಮೂರು ಲಕ್ಷಣ ಹೇಳಿದ್ದಾರೆ: ಶಕ್ತಿಯೆಲ್ಲ ಬತ್ತಿಹೋದ ಹಾಗಾಗುವುದು, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಕೆಲಸದ ಬಗ್ಗೆ ಬೇಸರ ಹುಟ್ಟುವುದು, ಮಾಡುವ ಕೆಲಸ ಸರಿಯಾಗಿ ಆಗುತ್ತಿಲ್ಲ ಅನ್ನಿಸುವುದು. ಸಿಸ್ಟರ್ ಕೆಲಸದಿಂದ ದೂರ ಹೋಗುತ್ತಿರಲಿಲ್ಲ. ಇನ್ನೂ ಹತ್ತಿರ ಬರುತ್ತಿದ್ದರು, ಉಸಿರು ಕಟ್ಟುವಷ್ಟು ಹತ್ತಿರ. ಶಿಫ್ಟ್‌ಗೆ ಮೊದಲೇ ಬರುವವರನ್ನು ನೋಡಿ 'ಭಯ' ಅಂತ ನಾನು ಹೇಗೆ ಬರೆದೆನೋ! ಭಯಪಟ್ಟವರು ಬೇಗ ಬರುತ್ತಾರಾ?

ಪುಸ್ತಕ

ರಜೆಯಿಂದ ಬಂದ ಎರಡನೇ ದಿನ, ಡ್ಯೂಟಿ ಮುಗಿದ ಮೇಲೆ ಅವರ ಪಕ್ಕದಲ್ಲಿ ಹೋಗಿ ಕೂತೆ. ಈ ಸಲ ಪ್ರಶ್ನೆ ಕೇಳಲಿಲ್ಲ. 'ನಿಮ್ಮ ಪುಸ್ತಕ ನೋಡಬಹುದಾ?' ಅಂದೆ. ನಿಜ ಹೇಳಬೇಕೆಂದರೆ, ಬೇರೆ ಏನು ಮಾತಾಡಬೇಕು ಅಂತ ನನಗೆ ತೋಚಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಕೊಟ್ಟರು.

ಪುಟ ತಿರುಗಿಸಿದೆ. ಸಾಲು ಸಾಲಾಗಿ ನಿಯಮಗಳು. ಅರ್ಧಕ್ಕರ್ಧ ಸಾಲುಗಳ ಮೇಲೆ ಸ್ಕೇಲ್ ಇಟ್ಟು ನೇರವಾಗಿ ಗೀಟು ಎಳೆದಿತ್ತು. ಪಕ್ಕದಲ್ಲಿ ಬದಲಾದ ತಾರೀಖು, ಅದರ ಕೆಳಗೆ ಹೊಸ ನಿಯಮ. ಕೆಲವದಕ್ಕೆ ಎರಡು ಸಲ ಗೀಟು. ಇದನ್ನು ನಾನು ನಿರೀಕ್ಷಿಸಿದ್ದೆ. ನಿರೀಕ್ಷಿಸದ ಒಂದು ವಿಷಯ ಇತ್ತು. ಗೀಟು ಎಳೆದ ಕೆಲವು ಸಾಲುಗಳ ಕೊನೆಯಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಒಂದೊಂದು ಅಂಕಿ. 3. 11. ಇನ್ನೊಂದು ಕಡೆ 4. 'ಸ್ಟೀರಾಯ್ಡ್ ಬೇಡ' ಎಂಬ ಸಾಲಿನ ಮುಂದೆ 7.

"ಇದೇನು ನಂಬರ್?"

"ಬೆಡ್ ನಂಬರ್ ಮೇಡಂ. ಹಳೇ ರೂಲ್ ಇದ್ದಾಗ ನನ್ನ ಶಿಫ್ಟ್‌ನಲ್ಲಿ ಹೋದವರು."

ಏಳನೇ ಬೆಡ್‌ನ ರೋಗಿ ನನಗೂ ನೆನಪಿದ್ದರು. ಮೇ ತಿಂಗಳಲ್ಲಿ ಹತ್ತು ದಿನ ವೆಂಟಿಲೇಟರ್ ಮೇಲಿದ್ದು ತೀರಿಕೊಂಡರು. ಮನೆಯವರು ಒಳಗೆ ಬರುವ ಹಾಗಿರಲಿಲ್ಲ. ಕೊನೆಯ ಸಂಜೆ ಸಿಸ್ಟರ್ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿದ ಫೋನ್ ಹಿಡಿದು, ರೋಗಿಯ ಮಗಳಿಗೆ ವಿಡಿಯೋದಲ್ಲಿ ಅಪ್ಪನ ಮುಖ ತೋರಿಸಿದ್ದರು. ಇಪ್ಪತ್ತೈದು ನಿಮಿಷ. ಕೈ ಸೋತಾಗ ಎಡಗೈಯಿಂದ ಬಲಗೈಯ ಮೊಣಕೈಗೆ ಆಸರೆ ಕೊಟ್ಟು ಹಿಡಿದಿದ್ದರಂತೆ. ಕರೆ ಮುಗಿಸುವ ಮುಂಚೆ ಆ ಮಗಳು ಕೇಳಿದ್ದಳು: "ಎಲ್ಲಾ ಔಷಧಿ ಕೊಡ್ತಿದ್ದೀರಲ್ವಾ ಸಿಸ್ಟರ್?"

"ಹೌದಮ್ಮ, ಕೊಡಬೇಕಾದ್ದೆಲ್ಲಾ ಕೊಡ್ತಿದ್ದೀವಿ" ಅಂತ ಸಿಸ್ಟರ್ ಹೇಳಿದ್ದರು.

ಒಂದು ತಿಂಗಳು ಕಳೆದು ಜೂನ್ 16 ಬಂತು. ನಾವೆಲ್ಲ ಖುಷಿಪಟ್ಟ ಆ ದಿನ ಸಿಸ್ಟರ್ ಪಾಲಿಗೆ ಆ ಮಾತು ಸುಳ್ಳಾಯಿತು. ಔಷಧಿ ನಮ್ಮ ಕಪಾಟಿನಲ್ಲೇ ಇತ್ತು, ಅವರ ಕೈಗೆ ಎಟಕುವಷ್ಟು ಹತ್ತಿರ. ಕೊಟ್ಟಿರಲಿಲ್ಲ.

ಇದು ಈ ಪ್ರಕರಣದ ಮುಖ್ಯ ವಿಷಯ. ಬದಲಾವಣೆಗೆ ಹೊಂದಿಕೊಳ್ಳುವುದು ಅಂದರೆ ನಾಳೆಯ ಕೆಲಸ ಕಲಿಯುವುದು ಅಂತ ನಾನು ತಿಳಿದಿದ್ದೆ. ಹೊಸ ಯಂತ್ರ, ಹೊಸ ಕ್ರಮ, ಹೊಸ ಡೋಸ್. ಸಿಸ್ಟರ್‌ಗೆ ಅದು ಯಾವತ್ತೂ ಕಷ್ಟವಾಗಿರಲಿಲ್ಲ. ಆ ರಾತ್ರಿ ಅವರನ್ನು ನೆಲಕ್ಕೆ ಕೂರಿಸಿದ್ದು ನಿನ್ನೆಯ ಕೆಲಸ. ಪ್ರತಿ ಹೊಸ ಸರ್ಕ್ಯುಲರ್ ಹಿಂದಕ್ಕೆ ತಿರುಗಿ, ಅವರು ಆಗಲೇ ಮಾಡಿ ಮುಗಿಸಿದ್ದನ್ನು ತಪ್ಪು ಎಂದು ಗುರುತು ಹಾಕುತ್ತಿತ್ತು. ಹನ್ನೊಂದು ವರ್ಷ ತಪ್ಪು ಮಾಡದೇ ಇರುವುದನ್ನೇ ಕೆಲಸ ಅಂತ ಕಲಿತವರಿಗೆ ಇದು ಎಷ್ಟು ಭಾರ ಅಂತ ಯೋಚಿಸಿ. ಕಳಚುವ ಕೋಣೆಯಲ್ಲಿ ಅವರಿಗೆ ಕ್ರಮ ಮರೆತುಹೋಗಿದ್ದಲ್ಲ. ಗೋಡೆಯ ಮೇಲೆ ಬರೆದದ್ದು ನಾಳೆಗೂ ಸರಿಯಾಗೇ ಇರುತ್ತದೆ ಎಂಬ ನಂಬಿಕೆ ಹೋಗಿತ್ತು.

ನರ್ಸ್‌ಗಳ ನೈತಿಕ ಸಂಕಟದ ಬಗ್ಗೆ 1984ರಲ್ಲಿ ಆಂಡ್ರ್ಯೂ ಜೇಮ್ಟನ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞರು ಬರೆದಿದ್ದರು: ಯಾವುದು ಸರಿ ಅಂತ ಗೊತ್ತಿದ್ದೂ, ವ್ಯವಸ್ಥೆಯ ಅಡ್ಡಿಯಿಂದ ಅದನ್ನು ಮಾಡಲಾಗದ ನೋವು. ಮಗಳನ್ನು ಒಳಗೆ ಬಿಡಲಾಗದೆ ಫೋನ್ ಹಿಡಿದು ನಿಂತದ್ದು ಆ ಥರದ ನೋವು. ಸ್ಟೀರಾಯ್ಡ್ ವಿಷಯ ಬೇರೆ. ಆಗ ಯಾರಿಗೂ ಗೊತ್ತಿರಲಿಲ್ಲ. 'ಗೊತ್ತಿರಲಿಲ್ಲ ತಾನೇ, ಬಿಡಿ' ಅಂತ ಹೇಳುವುದು ಸುಲಭ. ಅದೇ ಕಾರಣಕ್ಕೆ ಅದು ಯಾರಿಗೂ ಸಮಾಧಾನ ಕೊಡುವುದಿಲ್ಲ.

ಏನು ಮಾಡಿದೆವು

ಮೊದಲನೆಯದಾಗಿ ಐಸಿಯುವಿನ ಹಿರಿಯ ಡಾಕ್ಟರನ್ನು ಸಿಸ್ಟರ್ ಜೊತೆ ಕೂರಿಸಿದೆ. ಅವರಿಗೆ ಪುಸ್ತಕದ ವಿಷಯ ಸಿಸ್ಟರ್ ಒಪ್ಪಿಗೆ ಪಡೆದೇ ಹೇಳಿದ್ದೆ. ಎಲ್ಲಿ 'ನಿಮ್ಮದೇನೂ ತಪ್ಪಿಲ್ಲ' ಅಂತ ಬೆನ್ನು ತಟ್ಟಿ ಕಳಿಸಿಬಿಡುತ್ತಾರೋ ಎಂಬ ಆತಂಕ ನನಗಿತ್ತು. ಅವರು ಹಾಗೆ ಮಾಡಲಿಲ್ಲ. ಒಂದು ಹಾಳೆ ತೆಗೆದುಕೊಂಡು ಅಂಕಿ ಬರೆದು ತೋರಿಸಿದರು. ರಿಕವರಿ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದು ಡೆಕ್ಸಾಮೆಥಾಸೋನ್ ಸಿಗದವರಲ್ಲಿ 28 ದಿನದೊಳಗೆ ತೀರಿಕೊಂಡವರು ಶೇ 41. ಸಿಕ್ಕವರಲ್ಲಿ ಶೇ 29. ಅಂದರೆ ಎಂಟು ಜನರಿಗೆ ಕೊಟ್ಟರೆ ಹೆಚ್ಚುಕಡಿಮೆ ಒಬ್ಬರು ಹೆಚ್ಚಿಗೆ ಉಳಿಯುತ್ತಾರೆ. ಕೊಟ್ಟರೂ ನೂರಕ್ಕೆ ಇಪ್ಪತ್ತೊಂಬತ್ತು ಜನ ಹೋಗುತ್ತಾರೆ.

ಸಿಸ್ಟರ್ ಕೇಳಿದರು: "ಏಳನೇ ಬೆಡ್ ಆ ಎಂಟರಲ್ಲಿ ಉಳಿಯುವ ಒಬ್ಬರಾಗಿದ್ದರೆ, ಸರ್?"

ಡಾಕ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆಗಿರಬಹುದು. ಬೇಡ ಅಂತ ಬರೆದದ್ದು ನನ್ನ ಕೈ. ನಾನೂ ಆ ಲೆಕ್ಕ ದಿನಾ ಹಾಕ್ತೀನಿ."

ಆಮೇಲೆ ಸಿಸ್ಟರ್ ನನಗೆ ಹೇಳಿದರು, ಎರಡು ತಿಂಗಳಲ್ಲಿ ಸರಿಯಾಗಿ ನಿದ್ದೆ ಬಂದದ್ದು ಆವತ್ತೇ ಅಂತ. ಅವರ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಆದರೆ ಆ ಪ್ರಶ್ನೆ ತನ್ನೊಬ್ಬಳದೇ ಅಲ್ಲ ಅಂತ ಗೊತ್ತಾಗಿತ್ತು.

ಎರಡನೆಯದು, ಸರ್ಕ್ಯುಲರ್ ಬರೆಯುವ ರೀತಿ ಬದಲಿಸಿದೆವು. ಅಲ್ಲಿಯವರೆಗೆ ನಾನೇ ಬರೆಯುತ್ತಿದ್ದೆ, 'ಇಂದಿನಿಂದ ಹೀಗೆ ಮಾಡತಕ್ಕದ್ದು' ಅಂತ ಒಂದೇ ಸಾಲು. ದಿನಕ್ಕೆ ಮೂರು ನಾಲ್ಕು ಸಲ, ಮೊಬೈಲ್‌ಗೂ ಕಳಿಸುತ್ತಿದ್ದೆ. ಹಳೆಯ ಹಾಳೆಯ ಮೇಲೇ ಹೊಸದನ್ನು ಅಂಟಿಸುತ್ತಿದ್ದೆ. ಆಮೇಲೆ, ತುರ್ತು ಇದ್ದಾಗ ಬಿಟ್ಟರೆ, ದಿನಕ್ಕೆ ಒಂದೇ ಸಲ, ಬೆಳಗಿನ ಹ್ಯಾಂಡೋವರ್ ಹೊತ್ತಿಗೆ. ಏನು ಬದಲಾಯಿತು, ಯಾಕೆ ಬದಲಾಯಿತು, ಮೊದಲು ಬೇರೆ ಥರ ಯಾಕೆ ಮಾಡುತ್ತಿದ್ದೆವು. ಈ ಮೂರನೆಯದನ್ನು ಬರೆಯಬೇಕು ಅಂತ ಹೇಳಿದವರು ಸಿಸ್ಟರ್. ಮೊದಮೊದಲು ಜಾಗ ದಂಡ ಅನ್ನಿಸಿತು. ಒಂದು ವಾರದಲ್ಲೇ ಎಲ್ಲರೂ ಮೊದಲು ಓದುತ್ತಿದ್ದದ್ದು ಅದನ್ನೇ.

ಮೂರನೆಯದು ಯೋಜನೆ ಹಾಕಿ ಮಾಡಿದ್ದಲ್ಲ, ತಾನಾಗಿ ಆದದ್ದು. ನನಗೆ ತುಂಬಾ ಇಷ್ಟವಾದ ಭಾಗವೂ ಇದೇ. ತೀವ್ರ ಉಸಿರಾಟದ ತೊಂದರೆ ಇರುವವರನ್ನು ದಿನಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದರೆ ಹೆಚ್ಚು ಜನ ಬದುಕುತ್ತಾರೆ ಎಂದು 2013ರಲ್ಲೇ ಒಂದು ದೊಡ್ಡ ಪ್ರಯೋಗ ತೋರಿಸಿತ್ತು. ಇದು ಹಾಗೇ ಉಳಿದ ನಿಯಮ, ಗೀಟು ಬೀಳದ ಸಾಲು. ಆದರೆ ವೆಂಟಿಲೇಟರ್ ಟ್ಯೂಬ್, ರಕ್ತನಾಳಕ್ಕೆ ಹಾಕಿದ ನಾಲ್ಕೈದು ಲೈನ್ ಇರುವ ರೋಗಿಯನ್ನು ತಿರುಗಿಸುವುದು ಸುಲಭವಲ್ಲ. ಒಬ್ಬರು ತಲೆಯ ಹತ್ತಿರ ನಿಂತು ಟ್ಯೂಬ್ ಹಿಡಿದು ಎಣಿಸಬೇಕು, ಎರಡೂ ಬದಿಯವರು ಒಟ್ಟಿಗೆ ತಿರುಗಿಸಬೇಕು. ನಮ್ಮ ತಂಡ ಅಷ್ಟಾಗಿ ಹೊಂದಿರಲಿಲ್ಲ. ಎಣಿಕೆಗಿಂತ ಮೊದಲೇ ಒಬ್ಬರು ಎಳೆಯುತ್ತಿದ್ದರು, ಒಬ್ಬರು ತಡ ಮಾಡುತ್ತಿದ್ದರು.

ಒಂದು ದಿನ ಸಿಸ್ಟರ್ ನೋಡುತ್ತಾ ನಿಂತಿದ್ದವರು, 'ಸ್ವಲ್ಪ ಇರಿ' ಅಂದರು. ಬೆನ್ನುಮೂಳೆ ಪೆಟ್ಟಾದವರನ್ನು ಆರ್ಥೋದಲ್ಲಿ ಲಾಗ್ ರೋಲ್ ಮಾಡುತ್ತಾರೆ. ಮರದ ದಿಮ್ಮಿ ಉರುಳಿಸಿದ ಹಾಗೆ, ಮೈ ಎಲ್ಲೂ ತಿರುಚದೆ. ಹನ್ನೊಂದು ವರ್ಷ ಅದನ್ನು ಮಾಡಿದ ಕೈ. ಬೆಡ್‌ಶೀಟಿನ ಅಂಚನ್ನು ಎಲ್ಲಿ ಸುತ್ತಿ ಹಿಡಿಯಬೇಕು, ಒಬ್ಬರ ಕೈ ಇನ್ನೊಬ್ಬರ ಕೈಯನ್ನು ಎಲ್ಲಿ ದಾಟಬೇಕು, ಎಲ್ಲ ತೋರಿಸಿದರು. ಹಣೆ, ಕೆನ್ನೆ, ಗದ್ದ, ಮಂಡಿ ಹುಣ್ಣಾಗದ ಹಾಗೆ ಎಲ್ಲಿ ದಿಂಬು ಇಡಬೇಕು, ತಲೆಯ ಬದಿ ಯಾವಾಗ ಬದಲಿಸಬೇಕು ಅಂತ ತಾವೇ ಒಂದು ಪಟ್ಟಿ ಮಾಡಿದರು. ತಿರುಗಿಸಿ ಮುಗಿದ ಮೇಲೆ ಒಬ್ಬ ಹುಡುಗ, ಹೊಸದಾಗಿ ಸೇರಿದವನು, 'ನಾಳೆ ನನಗೂ ಹೇಳಿಕೊಡ್ತೀರಾ ಅಕ್ಕಾ?' ಅಂದ. ನಮ್ಮ ಐಸಿಯುವಿನಲ್ಲಿ ಅವರನ್ನು ಯಾರಾದರೂ ಅಕ್ಕಾ ಅಂತ ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

ಜಾಗ ಬದಲಿಸಿದಾಗ ಅವರ ಹಳೆಯ ಕೈಚಳಕವನ್ನೆಲ್ಲ ನಾವು ಆರ್ಥೋ ವಾರ್ಡ್‌ನಲ್ಲೇ ಬಿಟ್ಟು ಬನ್ನಿ ಎಂಬ ಹಾಗೆ ನಡೆಸಿಕೊಂಡಿದ್ದೆವು. ಬಂದ ದಿನವೇ 'ನಿಮಗೆ ಏನು ಚೆನ್ನಾಗಿ ಬರುತ್ತದೆ?' ಅಂತ ಕೇಳಬೇಕಿತ್ತು. ಆಮೇಲೆ ಬಂದ ಪ್ರತಿಯೊಬ್ಬರಿಗೂ ಮೊದಲ ದಿನ ಆ ಪ್ರಶ್ನೆ ಕೇಳಿದ್ದೇನೆ.

ಕೈಗೂಡದ್ದು

ಒಂದು ದಿನ ಎಲ್ಲರನ್ನೂ ಕೂರಿಸಿ, ನಡೆದ ಕೆಟ್ಟ ಘಟನೆಗಳನ್ನು ಒಬ್ಬೊಬ್ಬರಾಗಿ ಹೇಳುವ ಸಭೆ ಮಾಡಿದೆವು. ಕಡ್ಡಾಯ ಹಾಜರಿ. ಸಿಸ್ಟರ್ ಬಂದರು, ಮಾತಾಡಲಿಲ್ಲ, ಆ ರಾತ್ರಿ ನಿದ್ದೆ ಮಾಡಲಿಲ್ಲ. ಆಘಾತವಾದವರಿಗೆ ಒಂದೇ ಸಲದ ಇಂಥ ಸಭೆಯಿಂದ ಮುಂದಿನ ಮಾನಸಿಕ ತೊಂದರೆ ತಪ್ಪುವುದಿಲ್ಲ ಎಂದು ಕಾಕ್ರೇನ್ ವಿಮರ್ಶೆ (ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಎಷ್ಟೋ ವರ್ಷದ ಹಿಂದೆಯೇ ಹೇಳಿದೆ. ಮೊದಲೇ ಓದಿಕೊಂಡಿದ್ದರೆ ಮಾಡುತ್ತಿರಲಿಲ್ಲ. ಅದರ ಬದಲು ಇಬ್ಬಿಬ್ಬರ ಜೋಡಿ ಮಾಡಿ, ಎರಡು ವಾರದ ಡ್ಯೂಟಿ ಪಟ್ಟಿ ಮುಂಚೆಯೇ ಕೊಟ್ಟೆವು. ಅದು ನಡೆಯಿತು.

ಹೊರಗೆ ಜನ ಚಪ್ಪಾಳೆ ತಟ್ಟಿದ್ದು, ಯೋಧರು ಅಂತ ಕರೆದದ್ದು ಪ್ರೀತಿಯಿಂದಲೇ. ಅದು ನನಗೆ ಗೊತ್ತು. ಆದರೆ ಜೇಬಿನಲ್ಲಿ ಆ ಪುಸ್ತಕ ಇಟ್ಟುಕೊಂಡವರಿಗೆ ಪ್ರತಿ ಚಪ್ಪಾಳೆಯೂ ಚುಚ್ಚುತ್ತದೆ. 'ಗೊತ್ತಿದ್ದರೆ ತಟ್ಟುತ್ತಿದ್ದರಾ?' ಅಂತ ಸಿಸ್ಟರ್ ಒಮ್ಮೆ ಕೇಳಿದ್ದರು.

2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ಹರಡಿದ್ದಾಗ ಕೆಲಸ ಮಾಡಿದ ಕೆನಡಾದ ಟೊರಾಂಟೊದ ಆಸ್ಪತ್ರೆ ಸಿಬ್ಬಂದಿಯನ್ನು ಒಂದೆರಡು ವರ್ಷದ ನಂತರ ಅಧ್ಯಯನ ಮಾಡಿದ್ದರು. ಸಾರ್ಸ್ ರೋಗಿಗಳಿದ್ದ ಆಸ್ಪತ್ರೆಗಳಲ್ಲಿ ಬರ್ನ್‌ಔಟ್, ಮಾನಸಿಕ ಒತ್ತಡ ಆಗಲೂ ಬೇರೆ ಆಸ್ಪತ್ರೆಗಳಿಗಿಂತ ಜಾಸ್ತಿ ಇತ್ತು. ತರಬೇತಿ, ರಕ್ಷಣೆ, ಬೆಂಬಲ ಸಾಕಷ್ಟು ಸಿಕ್ಕಿತು ಅನ್ನಿಸಿದವರಿಗೆ ತೊಂದರೆ ಕಡಿಮೆ. ಆದ್ದರಿಂದ ಹೊಂದಿಕೊಳ್ಳುವ ಹೊಣೆಯನ್ನೆಲ್ಲ ಸಿಸ್ಟರ್ ಒಬ್ಬರ ಮೇಲೆ ಹಾಕುವುದು ಅನ್ಯಾಯ. ನನ್ನ ಒಂದು ಸಾಲಿನ ಸರ್ಕ್ಯುಲರ್‌ಗಳೂ ಈ ಪ್ರಕರಣದ ಕಾರಣಗಳಲ್ಲಿ ಒಂದು.

ಆಮೇಲೆ

ಬೇರೆ ಕಡೆ ಹಾಕಿ ಎಂಬ ಬೇಡಿಕೆಯನ್ನು ಆಗಸ್ಟ್‌ನಲ್ಲಿ ಸಿಸ್ಟರ್ ತಾವೇ ಹಿಂದಕ್ಕೆ ತೆಗೆದುಕೊಂಡರು. ವರ್ಷದ ಕೊನೆಯವರೆಗೆ ನಮ್ಮಲ್ಲೇ ಇದ್ದರು. ಶಿಫ್ಟ್‌ಗೆ ಹತ್ತು ನಿಮಿಷ ಮೊದಲು ಬರುತ್ತಿದ್ದರು, ಎಲ್ಲರ ಹಾಗೆ. ಪುಸ್ತಕ ಮುಂದುವರಿಯಿತು, ಗೀಟುಗಳೂ ಬಿದ್ದವು. ಸೆಪ್ಟೆಂಬರ್ ನಂತರದ ಪುಟಗಳಲ್ಲಿ ಪೆನ್ಸಿಲ್ ಅಂಕಿ ಇಲ್ಲ.

ಅಕ್ಟೋಬರ್‌ನಲ್ಲಿ ಒಮ್ಮೆ ಕೇಳಿದರು, ಏಳನೇ ಬೆಡ್‌ನವರ ಮಗಳಿಗೆ ಫೋನ್ ಮಾಡಬಹುದಾ ಅಂತ. ನಾನು, ಡಾಕ್ಟರ್, ಸಿಸ್ಟರ್ ಮೂವರೂ ಕೂತು ಮಾತಾಡಿದೆವು. ಸಿಸ್ಟರ್ ಮನಸ್ಸು ಹಗುರವಾಗಬಹುದು, ಆ ಭಾರ ಮಗಳ ಮೇಲೆ ಬೀಳುತ್ತದೆ ಅಂತ ಅನ್ನಿಸಿತು. ಮಾಡಲಿಲ್ಲ. ಆ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಪೂರ್ತಿ ಸಮಾಧಾನ ಇಲ್ಲ.

ಇದನ್ನೆಲ್ಲ ಬರೆದು ಸಿಸ್ಟರ್‌ಗೆ ಓದಲು ಕೊಟ್ಟೆ. ಫೋನ್‌ನಲ್ಲಿ ಆ ಮಗಳಿಗೆ ಹೇಳಿದ ಮಾತಿನ ಬಗ್ಗೆ ನಾನು 'ಅದು ಸುಳ್ಳಾಗಿರಲಿಲ್ಲ' ಎಂದು ಒಂದು ಸಾಲು ಬರೆದಿದ್ದೆ. ಸ್ಕೇಲ್ ಇಟ್ಟು ಅದರ ಮೇಲೆ ನೇರವಾಗಿ ಗೀಟು ಎಳೆದಿದ್ದರು. ಕೆಳಗೆ ಅದೇ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: 'ಆವತ್ತಿಗೆ ಅದು ನಿಜವಾಗಿತ್ತು.'